ನೋಡಿದ ಗುರುತು ಯಾರದು?

ಮನೆಯ ಚಲನಚಿತ್ರ ಭಂಡಾರವನ್ನು ಸ್ವಂತ ಸರ್ವರಿನಲ್ಲಿ ಇರಿಸಿಕೊಂಡಿರುವ ಶಿಷ್ಯರು ನನಗೀಗ ಹಲವರಿದ್ದಾರೆ. ಪ್ಲೆಕ್ಸ್, ಎಂಬಿ, ಜೆಲ್ಲಿಫಿನ್ ಎಂಬ ಹೆಸರುಗಳು ಮದುವೆಮನೆಯ ಪಂಕ್ತಿಯಲ್ಲೂ ಕೇಳಿಬರುತ್ತವೆ. ಊರಿನ ಮನೆಯಲ್ಲೊಂದು ಸರ್ವರು, ಮಗನ ಮನೆಯಲ್ಲೊಂದು. ಎರಡರಲ್ಲೂ ಅವೇ ಚಿತ್ರಗಳು. ಇಲ್ಲಿ ಅರ್ಧ ನೋಡಿದ್ದನ್ನು ಅಲ್ಲಿ ಮುಂದುವರಿಸಬೇಕಾದರೆ 'ನೋಡಿದೆ' ಎಂಬ ಗುರುತು ಎರಡೂ ಕಡೆ ಹೊಂದಬೇಕು. ಇದಕ್ಕೆ ನಮ್ಮ ಬುದ್ಧಿವಂತರು ಕಂಡುಕೊಂಡಿರುವ ಸುಲಭೋಪಾಯವೆಂದರೆ ಮನೆಮಂದಿಗೆಲ್ಲ ಒಂದೇ ಖಾತೆ. "ಅಮ್ಮನಿಗೆ ಬೇರೆ ಖಾತೆ ಏಕೆ ಮೇಷ್ಟ್ರೇ?" ಎಂದು ಒಬ್ಬರು ಕೇಳಿಯೂಬಿಟ್ಟರು.

ಏಕೆ ಬೇಡ ಎಂದು ನಾನು ಕೇಳುತ್ತೇನೆ. ಗೆಳೆಯನ ಪರವಾಗಿ 'ಎಸ್ ಸಾರ್' ಎಂದು ಹಾಜರಿ ಕೂಗಿದವನನ್ನು ನಾನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದುದು ನಿಮಗೆ ನೆನಪಿರಬೇಕು. ಒಂದೇ ಖಾತೆಯ ಮನೆಯಲ್ಲಿ ನಡೆಯುವುದೂ ಅಂಥದೇ ಸುಳ್ಳು ಹಾಜರಿ. ಮೊಮ್ಮಗ ಧಾರಾವಾಹಿಯ ಆರು ಕಂತು ಮುಗಿಸಿದರೆ, ಮೂರನೆಯದರಲ್ಲಿದ್ದ ಅಜ್ಜಿಗೂ ಆರು ಮುಗಿದವೆಂದು ಸರ್ವರು ಬರೆದುಕೊಳ್ಳುತ್ತದೆ. ತಾನೆಲ್ಲಿ ನಿಲ್ಲಿಸಿದ್ದೆನೆಂದು ರಿಮೋಟು ಒತ್ತಿ ಒತ್ತಿ ಸೋತ ಆಕೆ "ನನಗಿದೆಲ್ಲ ಬೇಡಪ್ಪ" ಎಂದು ಎದ್ದುಹೋಗುತ್ತಾಳೆ. ವಯಸ್ಸಾದವರಿಗೆ ತಂತ್ರಜ್ಞಾನ ಒಗ್ಗುವುದಿಲ್ಲವೆಂದು ನಾವು ತೀರ್ಪು ಕೊಡುತ್ತೇವೆ! ಒಗ್ಗದಂತೆ ಮಾಡಿದವರು ಯಾರು?

ಬೇರೆ ಖಾತೆಗೆ ಖರ್ಚೂ ಇಲ್ಲ. 2018ರ ಕೊನೆಯಲ್ಲಿ ಎಂಬಿಯಿಂದ ಕವಲೊಡೆದ ಜೆಲ್ಲಿಫಿನ್ ಉಚಿತವಾದುದು. ನೋಡಿದ ಗುರುತನ್ನೂ ನಿಲ್ಲಿಸಿದ ಜಾಗವನ್ನೂ ಅದು ಆಯಾ ವ್ಯಕ್ತಿಯ ಹೆಸರಿನಲ್ಲೇ ಬರೆದಿಡುತ್ತದೆ. ನಿಜವಾದ ತೊಡಕಿರುವುದು ಎರಡು ಸರ್ವರುಗಳ ನಡುವೆ. ಒಂದು ಶಾಲೆಯ 17ನೆಯ ಕ್ರಮಸಂಖ್ಯೆಯ ಹುಡುಗ ಇನ್ನೊಂದು ಶಾಲೆಯಲ್ಲೂ 17 ಆಗಿರಬೇಕೆಂದಿಲ್ಲವಷ್ಟೆ. ಅದರಂತೆಯೇ ಒಂದೇ ಚಿತ್ರಕ್ಕೆ ಎರಡು ಸರ್ವರುಗಳ ಒಳಸಂಖ್ಯೆ ಬೇರೆಯಾಗಿರಬಹುದು. ಆದಕಾರಣ ಹೊಂದಿಸುವ ತಂತ್ರಾಂಶಗಳು ಐಎಂಡಿಬಿಯಂಥ ಹೊರಗಿನ ಸಂಖ್ಯೆಯನ್ನು ನೆಚ್ಚುತ್ತವೆ. 1972ರ 'ಬಂಗಾರದ ಮನುಷ್ಯ'ಕ್ಕೆ ಆ ಸಂಖ್ಯೆ ಉಂಟು. ತಂಗಿಯ ಮದುವೆಯ ಕ್ಯಾಸೆಟ್ಟಿನಿಂದ ಇಳಿಸಿಕೊಂಡ ವಿಡಿಯೋಗೆ ಎಲ್ಲಿಂದ ಬರಬೇಕು? ಮನೆಯವರು ಮತ್ತೆ ಮತ್ತೆ ನೋಡುವುದು ಅದನ್ನೇ! ಅದಕ್ಕಾದರೂ ಎರಡೂ ಮನೆಗಳಲ್ಲಿ ಒಂದೇ ಕಡತದ ಹೆಸರಿಡುವಷ್ಟು ಶಿಸ್ತು ಬೇಕು. ಇಲ್ಲಿಯ ಅಮ್ಮನೇ ಅಲ್ಲಿಯ ಅಮ್ಮ ಎಂಬುದನ್ನೂ ತಂತ್ರಾಂಶಕ್ಕೆ ನಾವೇ ತಿಳಿಸಬೇಕು.

ಇಷ್ಟೆಲ್ಲ ತಾಪತ್ರಯವೇಕೆ, ಕಂಪನಿಯೇ ಮಾಡಿಕೊಡುತ್ತದಲ್ಲ ಎನ್ನುವವರುಂಟು. ಪ್ಲೆಕ್ಸ್ 2022ರಿಂದ ತನ್ನ ಖಾತೆಯ ಮೂಲಕ ಈ ಸೇವೆಯನ್ನು ಕೊಡುತ್ತಿರುವುದು ನಿಜ. ಅದೇ ಪ್ಲೆಕ್ಸ್ 2023ರಲ್ಲಿ, ಯಾರು ಏನು ನೋಡಿದರೆಂಬ ವಾರದ ವರದಿಯನ್ನು ಅವರವರ ಸ್ನೇಹಿತರಿಗೆ ಮಿಂಚಂಚೆಯಲ್ಲಿ ಕಳುಹಿಸಿ ಬಳಕೆದಾರರ ಕೋಪಕ್ಕೆ ಗುರಿಯಾಯಿತು. ಅಮೆರಿಕದಲ್ಲಿ 1987ರಲ್ಲಿ, ಸರ್ವೋಚ್ಚ ನ್ಯಾಯಾಲಯಕ್ಕೆ ನಾಮಕರಣಗೊಂಡಿದ್ದ ರಾಬರ್ಟ್ ಬೋರ್ಕ್ ಅವರ ಮನೆಯವರು ಬಾಡಿಗೆಗೆ ತಂದ ಕ್ಯಾಸೆಟ್ಟುಗಳ ಪಟ್ಟಿಯನ್ನು ಪತ್ರಿಕೆಯೊಂದು ಅಚ್ಚುಹಾಕಿತು. ಮರುವರ್ಷವೇ ಅಂಥ ಪಟ್ಟಿಗಳ ರಕ್ಷಣೆಗೆ ಕಾನೂನು ಬಂತು. ಅಂಗಡಿಯವನ ಪುಸ್ತಕದಲ್ಲಿದ್ದುದಕ್ಕೇ ಅಷ್ಟು ಕಾವಲು ಬೇಕಾಗಿದ್ದರೆ, ಯಾವ ನಿಮಿಷಕ್ಕೆ ನಿಲ್ಲಿಸಿದೆವೆಂಬುದನ್ನೂ ಬರೆದುಕೊಳ್ಳುವ ಪಟ್ಟಿಯನ್ನು ನಾವಾಗಿಯೇ ಒಯ್ದು ಕೊಡುವುದೆ?

ಮುಂದಿನ ರಜೆಗೆ ಊರಿಗೆ ಬಂದಾಗ ಹೊಸ ಹಾರ್ಡ್ ಡಿಸ್ಕ್ ತರುವುದು ಹಾಗಿರಲಿ, ಮೊದಲು ಅಮ್ಮನ ಹೆಸರಿನಲ್ಲೊಂದು ಖಾತೆ ತೆರೆಯಿರಿ. ಹೆಸರು ಕನ್ನಡದಲ್ಲೇ ಇರಲಿ. ಪಾಸ್‌ವರ್ಡನ್ನು ಆಕೆಯೇ ಆರಿಸಲಿ.