ಮಳೆಯೂ ಮೈಕೂ

ಪುತ್ತೂರು, ಸುಳ್ಯ, ಕಡಬಗಳಲ್ಲಿ ಆಟಿ ತಿಂಗಳ ಮಳೆ ತಗಡಿನ ಮಾಡಿನ ಮೇಲೆ ಸುರಿಯತೊಡಗಿದರೆ ಎದುರಿಗೆ ಕುಳಿತವರ ಮಾತೇ ಕೇಳಿಸದು. ಇನ್ನು ಮೈಕಿಗೆ ಕೇಳಿಸುವುದೆಂತು? 2020ರಲ್ಲಿ ಪಾಠ, ಸಭೆಗಳು ಆನ್‌ಲೈನ್ ಆದಂದಿನಿಂದ ಈ ಪ್ರಶ್ನೆ ಮನೆಮನೆಯದಾಗಿದೆ.

ಉತ್ತರವಿರುವುದು ಬೆಲೆಯಲ್ಲಲ್ಲ, ದೂರದಲ್ಲಿ. ಬಾಯಿಗೂ ಮೈಕಿಗೂ ನಡುವಣ ದೂರ ಇಮ್ಮಡಿಸಿದರೆ ಅದನ್ನು ತಲುಪುವ ಧ್ವನಿಯ ಒತ್ತಡ ಹೆಚ್ಚುಕಡಮೆ ಅರ್ಧಕ್ಕಿಳಿಯುತ್ತದೆ, ಎಂದರೆ 6 ಡೆಸಿಬೆಲ್. ಮಾಡಿನ ಸದ್ದಾದರೋ ಕೋಣೆಯಲ್ಲೆಲ್ಲ ಒಂದೇ ಸಮ. ಆದುದರಿಂದ ಆನ್‌ಲೈನ್ ಸಭೆಗೂ, ಮಾತನ್ನು ಬರಹವಾಗಿಸುವುದಕ್ಕೂ ಬಾಯಿಯ ಬಳಿಗೆ ಬಾಗಿದ ಕಡ್ಡಿಯುಳ್ಳ ಹೆಡ್‌ಸೆಟ್ಟೇ ಲೇಸು. ಉಸಿರು ತಾಗದಂತೆ ಅದು ಕೆನ್ನೆಯ ಕಡೆಗಿರಲಿ. ವಿಡಿಯೋ ಚಿತ್ರಣಕ್ಕೆ ಅಂಗಿಗೆ ಸಿಕ್ಕಿಸುವ ಪುಟ್ಟ ಮೈಕು ಸಾಕು. ಗದ್ದದಿಂದ ಒಂದು ಗೇಣಿನೊಳಗೆ ಇರಬೇಕು, ಅಷ್ಟೆ.

ಈ ಮಳೆಗಾಲವೇ ನಮ್ಮಲ್ಲಿ ತಾಳಮದ್ದಳೆಯ ಕಾಲವೂ ಹೌದು. ಹಿರಿಯ ಅರ್ಥಧಾರಿಯ ಮಾತನ್ನು ಸಭೆಯ ಕೊನೆಯಲ್ಲಿ ಕುಳಿತು ಫೋನಿನಲ್ಲಿ ಹಿಡಿದರೆ ಮನೆಗೆ ಬರುವುದು ಮಳೆಯೇ. ಅರ್ಥವೆಂಬುದು ಆಶುಭಾಷಣ, ಇಂದು ಆಡಿದ್ದು ನಾಳೆ ಅದೇ ರೂಪದಲ್ಲಿ ಹುಟ್ಟದು. ಚಿತ್ರ ಮಸುಕಾದರೂ ನಡೆದೀತು. ಮೈಕು ಮಾತ್ರ ಅವರ ಮುಂದೆಯೇ ಇರಲಿ.