ಸಿರಿಯೂ ಅಧಿಕಾರವೂ: ವಿನ್‌ತ್ರಾಪ್ ರಾಕ್‌ಫೆಲರ್ ಅವರ ರಾಜಕೀಯ ಜೀವನ

ಸಿರಿವಂತ ಮನೆತನದವರು ರಾಜ್ಯಾಧಿಕಾರಕ್ಕೆ ಬರುವುದು ಒಳಿತೋ ಕೆಡುಕೋ ಎಂಬ ಪ್ರಶ್ನೆ ಇಂದು ನಿನ್ನೆಯದಲ್ಲ. ಹೊಟ್ಟೆ ತುಂಬಿದವನಿಗೆ ಕದಿಯುವ ಅಗತ್ಯವಿಲ್ಲ, ಆದುದರಿಂದ ಅವನು ಪ್ರಾಮಾಣಿಕನಾಗಿರಬಲ್ಲನೆಂದು ಕೆಲವರು ಹೇಳುತ್ತಾರೆ. ವ್ಯಾಪಾರಿಯಾದವನು ಎಲ್ಲಿ ಕುಳಿತರೂ ತಕ್ಕಡಿಯನ್ನು ಬಿಡಲಾರ, ಅಧಿಕಾರವೂ ಅವನಿಗೆ ಇನ್ನೊಂದು ಅಂಗಡಿಯೇ ಎಂದು ಮತ್ತೆ ಕೆಲವರು ಹೇಳುತ್ತಾರೆ. ಈ ಪತ್ರಿಕೆಯನ್ನು ಓದುವ ಮನೆಗಳಲ್ಲಿ ವ್ಯಾಪಾರ ವ್ಯವಹಾರಗಳನ್ನು ನಡೆಸುವವರು ಬಹಳ ಮಂದಿ ಇದ್ದಾರೆ. ಅವರ ಮಕ್ಕಳಲ್ಲಿ ಕೆಲವರ ಮನಸ್ಸು ಚುನಾವಣೆಯ ಕಡೆಗೆ ಹರಿಯುವುದೂ ಸಹಜವೇ. ಆದಕಾರಣ ಈ ಪ್ರಶ್ನೆಯನ್ನು ಬರಿಯ ಮಾತಿನಲ್ಲಿ ತೂಗದೆ, ಒಬ್ಬ ವ್ಯಕ್ತಿಯ ಬಾಳನ್ನು ಮುಂದಿಟ್ಟುಕೊಂಡು ನೋಡುವುದು ಮೇಲೆಂದು ನಾವು ಬಗೆದಿದ್ದೇವೆ. ಅವರು ಅಮೆರಿಕ ದೇಶದ ಅರ್ಕನ್ಸಾ ರಾಜ್ಯದ ಗವರ್ನರಾಗಿದ್ದ ವಿನ್‌ತ್ರಾಪ್ ರಾಕ್‌ಫೆಲರ್. ಅಲ್ಲಿಯ ಗವರ್ನರೆಂದರೆ ನಮ್ಮ ರಾಜ್ಯಪಾಲರಂತೆ ಕೇಂದ್ರದಿಂದ ನೇಮಕಗೊಂಡವರಲ್ಲ. ಜನರಿಂದ ನೇರವಾಗಿ ಆಯ್ಕೆಯಾಗಿ, ನಮ್ಮ ಮುಖ್ಯಮಂತ್ರಿಗಳಂತೆ ಆಡಳಿತ ನಡೆಸುವವರು.

ರಾಕ್‌ಫೆಲರ್ ಎಂಬ ಹೆಸರನ್ನು ಕೇಳದವರು ವಿರಳ. ವಿನ್‌ತ್ರಾಪರ ಅಜ್ಜ ಜಾನ್ ಡಿ. ರಾಕ್‌ಫೆಲರ್ 1870ರಲ್ಲಿ ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯನ್ನು ಕಟ್ಟಿ, ಆ ದೇಶದ ಎಣ್ಣೆಯ ವ್ಯಾಪಾರದ ಬಹುಪಾಲನ್ನು ಕೈವಶ ಮಾಡಿಕೊಂಡವರು. ಒಬ್ಬರ ಕೈಯಲ್ಲಿ ಇಷ್ಟು ವ್ಯಾಪಾರ ಸೇರುವುದು ಸಲ್ಲದೆಂದು 1911ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಆ ಕಂಪನಿಯನ್ನು ಒಡೆಯುವಂತೆ ತೀರ್ಪಿತ್ತಿತು. ಅದರ ಮರುವರ್ಷ, 1912ರ ಮೇ 1ರಂದು, ವಿನ್‌ತ್ರಾಪ್ ಹುಟ್ಟಿದರು. ಆರು ಮಕ್ಕಳಲ್ಲಿ ಐದನೆಯವರು. ಅಣ್ಣತಮ್ಮಂದಿರೆಲ್ಲ ಓದಿನಲ್ಲಿಯೂ ವ್ಯವಹಾರದಲ್ಲಿಯೂ ಹೆಸರು ಮಾಡಿದರೆ, ಇವರು ಯೇಲ್ ವಿಶ್ವವಿದ್ಯಾಲಯವನ್ನು ಪದವಿಯಿಲ್ಲದೆಯೇ ಬಿಟ್ಟರು. ಟೆಕ್ಸಾಸಿನ ಎಣ್ಣೆಬಾವಿಗಳಲ್ಲಿ ಕೂಲಿಯಾಳುಗಳೊಡನೆ ದುಡಿದರು. 1941ರಲ್ಲಿ ಸಾಮಾನ್ಯ ಸಿಪಾಯಿಯಾಗಿ ಸೈನ್ಯವನ್ನು ಸೇರಿ, ಲೆಫ್ಟಿನೆಂಟ್ ಕರ್ನಲ್ ಹುದ್ದೆಯವರೆಗೆ ಏರಿದರು. 1945ರಲ್ಲಿ ಓಕಿನಾವಾ ದ್ವೀಪದ ಬಳಿ ಅವರಿದ್ದ ಹಡಗಿಗೆ ಜಪಾನಿನ ಆತ್ಮಾಹುತಿ ವಿಮಾನವೊಂದು ಬಂದು ಅಪ್ಪಳಿಸಿದಾಗ ಗಾಯಗೊಂಡರು.

ಯುದ್ಧಾನಂತರದ ಅವರ ದಾಂಪತ್ಯವು ಮುರಿದುಬಿದ್ದು, ನ್ಯೂಯಾರ್ಕಿನ ಪತ್ರಿಕೆಗಳಿಗೆ ಗ್ರಾಸವಾಯಿತು. 1953ರಲ್ಲಿ ಅವರು ಆ ನಗರವನ್ನೇ ತೊರೆದು ಅರ್ಕನ್ಸಾ ರಾಜ್ಯಕ್ಕೆ ಬಂದರು. ಅದು ಅಮೆರಿಕದ ಬಡ ರಾಜ್ಯಗಳಲ್ಲಿ ಒಂದು. ಅಲ್ಲಿಯ ಪೆಟಿಟ್ ಜೀನ್ ಎಂಬ ಬೆಟ್ಟದ ಮೇಲೆ ನೆಲವನ್ನು ಕೊಂಡು, ನೀರನ್ನು ಮೇಲಕ್ಕೆ ಹರಿಸಿ, ಉತ್ತಮ ತಳಿಯ ದನಗಳನ್ನು ಸಾಕತೊಡಗಿದರು. 1955ರಲ್ಲಿ ಆಗಿನ ಗವರ್ನರ್ ಓರ್ವಲ್ ಫೌಬಸ್ ಅವರು ರಾಜ್ಯದ ಕೈಗಾರಿಕಾಭಿವೃದ್ಧಿ ಆಯೋಗದ ಅಧ್ಯಕ್ಷತೆಯನ್ನು ಇವರಿಗೆ ವಹಿಸಿದರು. ಮನೆತನದ ಹೆಸರಿನ ಬಲದಿಂದ ಇವರು ಹೊರಗಿನ ಉದ್ಯಮಿಗಳನ್ನು ಅಲ್ಲಿಗೆ ಕರೆತಂದರು. ಇವರ ಕಾಲದಲ್ಲಿ 600ಕ್ಕೂ ಮಿಕ್ಕಿ ಕಾರ್ಖಾನೆಗಳು ಬಂದುವೆಂದು ಗಣನೆಯಿದೆ. ಇಲ್ಲಿಯವರೆಗೆ ವರ್ತಕ ಮನೆತನದ ಬುದ್ಧಿಯೂ ನಾಡಿನ ಹಿತವೂ ಒಂದೇ ದಾರಿಯಲ್ಲಿ ನಡೆದುವು.

1957ರಲ್ಲಿ ಆ ದಾರಿ ಕವಲೊಡೆಯಿತು. ರಾಜಧಾನಿ ಲಿಟಲ್ ರಾಕ್‌ನ ಶಾಲೆಯೊಂದಕ್ಕೆ ಒಂಬತ್ತು ಮಂದಿ ಕಪ್ಪು ಜನಾಂಗದ ಮಕ್ಕಳು ಸೇರಲು ಬಂದಾಗ, ಗವರ್ನರ್ ಫೌಬಸ್ ಸಶಸ್ತ್ರ ಪಡೆಯನ್ನು ನಿಲ್ಲಿಸಿ ಬಾಗಿಲನ್ನು ಅಡ್ಡಗಟ್ಟಿದರು. ಹಾಗೆ ಮಾಡಬೇಡಿರೆಂದು ರಾಕ್‌ಫೆಲರ್ ಅವರು ಬೇಡಿಕೊಂಡದ್ದು ಫಲಿಸಲಿಲ್ಲ. ಕೊನೆಗೆ ರಾಷ್ಟ್ರಾಧ್ಯಕ್ಷ ಐಸೆನ್‌ಹೋವರ್ ಸೈನ್ಯವನ್ನು ಕಳುಹಿಸಿ ಆ ಮಕ್ಕಳನ್ನು ಒಳಗೆ ಸೇರಿಸಬೇಕಾಯಿತು. 1964ರಲ್ಲಿ ರಾಕ್‌ಫೆಲರ್ ಆಯೋಗವನ್ನು ಬಿಟ್ಟು, ಅದೇ ಫೌಬಸರ ಎದುರು ಚುನಾವಣೆಗೆ ನಿಂತು ಸೋತರು. 1966ರಲ್ಲಿ ಮತ್ತೆ ನಿಂತು ಗೆದ್ದರು. ತೊಂಬತ್ತು ವರ್ಷಗಳಿಗೂ ಮಿಕ್ಕಿ ಡೆಮಾಕ್ರಟಿಕ್ ಪಕ್ಷದ ಕೈಯಲ್ಲಿಯೇ ಇದ್ದ ಆ ರಾಜ್ಯಕ್ಕೆ ಅವರು ರಿಪಬ್ಲಿಕನ್ ಪಕ್ಷದ ಗವರ್ನರಾದರು. ಕಪ್ಪು ಜನಾಂಗದ ಮತದಾರರು ಅವರನ್ನು ಬಲವಾಗಿ ಬೆಂಬಲಿಸಿದ್ದರು.

ಈಗ ನಮ್ಮ ವಿಷಯದ ತಿರುಳಿಗೆ ಬರೋಣ. ಅರ್ಕನ್ಸಾದಲ್ಲಿ ಕಮಿನ್ಸ್ ಮತ್ತು ಟಕರ್ ಎಂಬ ಎರಡು ಬಂದೀಖಾನೆಗಳಿದ್ದುವು. ಇವು ನಾಲ್ಕು ಗೋಡೆಗಳ ಸೆರೆಮನೆಗಳಲ್ಲ, ಹತ್ತಿ ಮೊದಲಾದ ಬೆಳೆಗಳನ್ನು ಬೆಳೆಯುವ ವಿಶಾಲವಾದ ಹೊಲಗಳು. ಕಮಿನ್ಸ್ ಒಂದೇ ಸುಮಾರು 16,000 ಎಕರೆ. ಬಂದಿಗಳು ಕೂಲಿಯಿಲ್ಲದೆ ಅಲ್ಲಿ ದುಡಿಯುತ್ತಿದ್ದರು. ಕಾವಲುಗಾರರಿಗೆ ಸಂಬಳ ಕೊಡುವ ಖರ್ಚೂ ಇರಲಿಲ್ಲ, ಏಕೆಂದರೆ ಬಂದಿಗಳಲ್ಲಿಯೇ ಕೆಲವರ ಕೈಗೆ ಬಂದೂಕು ಕೊಟ್ಟು ಉಳಿದವರನ್ನು ಕಾಯಲು ಬಿಡಲಾಗಿತ್ತು. ನಮ್ಮ ಬಂದೀಖಾನೆಗಳು ಬೊಕ್ಕಸಕ್ಕೆ ಹೊರೆಯಲ್ಲ, ಬದಲಾಗಿ ಲಾಭವನ್ನೇ ತರುತ್ತವೆಯೆಂದು ಅಲ್ಲಿಯ ಶಾಸಕರು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ಲೆಕ್ಕದ ಪುಸ್ತಕವನ್ನಷ್ಟೇ ನೋಡುವ ವರ್ತಕನಾದರೆ ತಲೆದೂಗಿ ಸುಮ್ಮನಾಗುತ್ತಿದ್ದನು.

ಆದರೆ ಆ ಲಾಭವು ಎಲ್ಲಿಂದ ಬರುತ್ತಿತ್ತು? 1966ರಲ್ಲಿ ರಾಜ್ಯದ ಪೊಲೀಸರು ನಡೆಸಿದ ತನಿಖೆಯ ವರದಿಯಲ್ಲಿ ಅದು ದಾಖಲಾಗಿತ್ತು. ಬಂದೂಕು ಹಿಡಿದ ಬಂದಿಗಳು ಉಳಿದವರ ಅನ್ನವನ್ನೂ ಹಣವನ್ನೂ ಕಸಿಯುತ್ತಿದ್ದರು. ತೊಗಲಿನ ಪಟ್ಟಿಯಿಂದ ಹೊಡೆತ ನಿತ್ಯದ ಮಾತಾಗಿತ್ತು. ಹಳೆಯ ಟೆಲಿಫೋನಿನ ಹಿಡಿಯನ್ನು ತಿರುಗಿಸಿ ಬಂದಿಗಳ ಮೈಗೆ ವಿದ್ಯುತ್ತನ್ನು ಹಾಯಿಸುವ ಸಾಧನವೂ ಅಲ್ಲಿತ್ತು. ರಾಕ್‌ಫೆಲರ್ ಅವರು ಅಧಿಕಾರ ವಹಿಸಿಕೊಂಡ ತಿಂಗಳಿನಲ್ಲಿಯೇ, 1967ರ ಜನವರಿಯಲ್ಲಿ, ಆ ವರದಿಯನ್ನು ಜನರ ಮುಂದಿಟ್ಟರು. ಸರ್ಕಾರದ ಕಾಗದಪತ್ರಗಳನ್ನು ನೋಡುವ ಹಕ್ಕನ್ನು ಜನರಿಗೆ ಕೊಡುವ ಕಾಯಿದೆಗೂ ಅದೇ ವರ್ಷ ಸಹಿ ಹಾಕಿದರು.

ಬಂದೀಖಾನೆಗಳನ್ನು ಸುಧಾರಿಸಲು ಟಾಮ್ ಮರ್ಟನ್ ಎಂಬ ಅಧಿಕಾರಿ ಬಂದರು. 1968ರ ಜನವರಿಯಲ್ಲಿ ಅವರು ಕಮಿನ್ಸ್ ಹೊಲದಲ್ಲಿ ನೆಲವನ್ನು ಅಗೆಸಿದಾಗ ಮೂರು ಅಸ್ಥಿಪಂಜರಗಳು ದೊರೆತುವು. ಕೊಲೆಯಾದ ಬಂದಿಗಳವೆಂದು ಮರ್ಟನ್ ಹೇಳಿದರು. ದಿಕ್ಕಿಲ್ಲದವರನ್ನು ಹೂಳುತ್ತಿದ್ದ ಹಳೆಯ ಸ್ಮಶಾನವೆಂದು ಮತ್ತೊಂದು ಪಕ್ಷ ಹೇಳಿತು. ಸುದ್ದಿಯು ದೇಶದ ತುಂಬ ಹರಡಿ ರಾಜ್ಯದ ಮಾನ ಹರಾಜಾಯಿತು. ಎರಡು ತಿಂಗಳೊಳಗೆ ಮರ್ಟನ್ ಅವರನ್ನು ಕೆಲಸದಿಂದ ತೆಗೆದುಹಾಕಲಾಯಿತು. ಆಡಳಿತದಲ್ಲಿ ಅವರಿಗೆ ಹಿಡಿತವಿರಲಿಲ್ಲವೆಂದು ಸರ್ಕಾರ ಕಾರಣ ಕೊಟ್ಟಿತು. ಆದರೂ ಅಗೆತವನ್ನು ಅಲ್ಲಿಗೇ ನಿಲ್ಲಿಸಿದುದರಲ್ಲಿ ರಾಕ್‌ಫೆಲರ್ ಅಳುಕಿದರೆಂದೇ ನಮಗೆ ತೋರುತ್ತದೆ. ಒಳ್ಳೆಯವರೆಂದು ಹೊಗಳುವಾಗ ಇದನ್ನು ಮುಚ್ಚಿಡಬಾರದು. ಅಂತೆಯೇ, ಅದೇ ವರ್ಷ ಬಂದೀಖಾನೆಗಳಿಗೆ ಪ್ರತ್ಯೇಕ ಇಲಾಖೆಯೊಂದನ್ನು ಅವರು ತಂದರೆಂಬುದನ್ನೂ ಮರೆಯಬಾರದು. 1970ರಲ್ಲಿ ನ್ಯಾಯಾಲಯವು ಆ ರಾಜ್ಯದ ಬಂದೀಖಾನೆಗಳ ವ್ಯವಸ್ಥೆಯೆಲ್ಲವೂ ಸಂವಿಧಾನಕ್ಕೆ ವಿರುದ್ಧವೆಂದು ಘೋಷಿಸಿತು. ಹೀಗಿರುವಾಗ ಒಬ್ಬ ಗವರ್ನರಿನ ಎರಡು ಅವಧಿಗಳಲ್ಲಿ ತೊಳೆದುಹೋಗುವ ಕೊಳೆ ಅದಾಗಿರಲಿಲ್ಲ.

1968ರ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಅವರ ಹತ್ಯೆಯಾಯಿತು. ಹಲವು ನಗರಗಳು ಹೊತ್ತಿ ಉರಿದುವು. ಮೂರು ದಿನಗಳ ತರುವಾಯ ರಾಕ್‌ಫೆಲರ್ ಅವರು ಲಿಟಲ್ ರಾಕ್‌ನ ಶಾಸನಸಭಾ ಭವನದ ಮೆಟ್ಟಿಲುಗಳ ಮೇಲೆ ಕಪ್ಪು ಜನಾಂಗದ ಮುಖಂಡರ ಕೈ ಹಿಡಿದು ನಿಂತು, ಬಹಿರಂಗವಾಗಿ ಶ್ರದ್ಧಾಂಜಲಿ ಸಲ್ಲಿಸಿದರು. ದಕ್ಷಿಣದ ರಾಜ್ಯಗಳ ಗವರ್ನರರಲ್ಲಿ ಹಾಗೆ ಮಾಡಿದವರು ಅವರೊಬ್ಬರೇ. ಚುನಾವಣೆಯ ವರ್ಷದಲ್ಲಿ ಇದು ಸಣ್ಣ ಸಾಹಸವಲ್ಲ. ಆ ವರ್ಷ ಅವರು ಮತ್ತೆ ಗೆದ್ದರು.

ಆದರೆ ಹಣದಿಂದ ಆಗದ ಕೆಲಸಗಳೂ ಇವೆ. 135 ಮಂದಿಯ ಶಾಸನಸಭೆಯಲ್ಲಿ ಅವರ ಪಕ್ಷದವರು ಬೆರಳೆಣಿಕೆಯಷ್ಟು ಮಾತ್ರ ಇದ್ದರು. ಶಾಲೆಗಳಿಗೂ ಸುಧಾರಣೆಗಳಿಗೂ ಬೇಕಾದ ತೆರಿಗೆಯನ್ನು ಹೆಚ್ಚಿಸಲು ಅವರು 1969ರಲ್ಲಿ ಮುಂದಿಟ್ಟ ಪ್ರಸ್ತಾಪಗಳು ಬಹುಮಟ್ಟಿಗೆ ಬಿದ್ದುಹೋದುವು. ಶಾಸಕರೊಡನೆ ಕುಳಿತು ಒಲಿಸಿಕೊಳ್ಳುವ ಕಲೆ ಅವರಿಗೆ ಒಲಿದಿರಲಿಲ್ಲ. ಮದ್ಯದ ಅಭ್ಯಾಸವೂ ಅವರ ಹೆಸರಿಗೆ ಕುಂದು ತಂದಿತು. ಎರಡೇ ಅವಧಿಗೆ ಸಾಕೆಂದು ಆಡಿದ್ದ ಮಾತನ್ನು ಮೀರಿ 1970ರಲ್ಲಿ ಮೂರನೆಯ ಸಲ ನಿಂತರು. ಎದುರಾಳಿ ಡೇಲ್ ಬಂಪರ್ಸ್ ಅವರಿಗೆ ಇವರಿಗಿಂತ ಸುಮಾರು ಇಮ್ಮಡಿ ಮತಗಳು ಬಿದ್ದುವು.

ಸೋತ ಗವರ್ನರಿಗೆ ಅಧಿಕಾರವನ್ನು ಬಿಟ್ಟುಕೊಡಲು ಕೆಲವೇ ವಾರಗಳು ಉಳಿದಿದ್ದುವು. ಸಾಮಾನ್ಯವಾಗಿ ಆ ವಾರಗಳಲ್ಲಿ ತನ್ನವರಿಗೆ ಹುದ್ದೆಗಳನ್ನು ಹಂಚುವುದು ಲೋಕರೂಢಿ. ರಾಕ್‌ಫೆಲರ್ ಅವರ ಮನಸ್ಸಿನಲ್ಲಿ ಬೇರೊಂದು ಪಟ್ಟಿಯಿತ್ತು. ಮರಣದಂಡನೆಗೆ ಗುರಿಯಾಗಿ ದಿನ ಎಣಿಸುತ್ತಿದ್ದ 15 ಮಂದಿ ಆ ರಾಜ್ಯದ ಬಂದೀಖಾನೆಯಲ್ಲಿದ್ದರು. ಅವರ ಅಧಿಕಾರದ ಕಾಲದಲ್ಲಿ ಒಬ್ಬರನ್ನೂ ಕೊಲ್ಲಿಸಿರಲಿಲ್ಲ. ತಾವು ಹೊರಟುಹೋದ ಮೇಲೆ ಅವರ ಗತಿಯೇನು? 1970ರ ಡಿಸೆಂಬರ್ 29ರಂದು ಆ ಹದಿನೈದು ಮಂದಿಯ ಮರಣದಂಡನೆಯನ್ನೂ ಜೀವಾವಧಿ ಶಿಕ್ಷೆಗೆ ಇಳಿಸಿದರು. ಇತರ ಗವರ್ನರರೂ ಹೀಗೆಯೇ ಮಾಡಲೆಂದು ಆಶಿಸಿದರು. ಆಗ ಯಾರೂ ಅವರನ್ನು ಹಿಂಬಾಲಿಸಲಿಲ್ಲ. 1986ರಲ್ಲಿ ನ್ಯೂ ಮೆಕ್ಸಿಕೊ, 2003ರಲ್ಲಿ ಇಲಿನಾಯ್ ರಾಜ್ಯಗಳ ಗವರ್ನರರು ಅಧಿಕಾರ ಬಿಡುವ ಮುನ್ನ ಇಂತಹದೇ ಕಾರ್ಯವನ್ನು ಮಾಡಿದರು.

ಆ ಬಂದಿಗಳು ಘೋರ ಅಪರಾಧಗಳಿಗಾಗಿ ಶಿಕ್ಷೆ ಹೊಂದಿದವರು. ಸತ್ತವರ ಮನೆಯವರ ಸಂಕಟವನ್ನು ಹಗುರವೆಂದು ನಾವು ಎಣಿಸುವುದಿಲ್ಲ. ಈ ಕುರಿತು ವಾಚಕರಲ್ಲಿ ಭಿನ್ನಾಭಿಪ್ರಾಯವಿರಬಹುದು. ಆದರೆ ಒಂದನ್ನು ಗಮನಿಸಬೇಕು. ಆ ಸಹಿಯಿಂದ ರಾಕ್‌ಫೆಲರ್ ಅವರಿಗೆ ಒಂದು ಮತವೂ ದಕ್ಕುವಂತಿರಲಿಲ್ಲ, ಒಂದು ಕಾಸೂ ಬರುವಂತಿರಲಿಲ್ಲ. ಲಾಭವೇ ಕುಲದೇವರಾಗಿದ್ದ ಮನೆಯಲ್ಲಿ ಹುಟ್ಟಿದವರು ಲಾಭವಿಲ್ಲದ ಕೆಲಸವನ್ನು ತಮ್ಮ ಕೊನೆಯ ಕೆಲಸವನ್ನಾಗಿ ಆರಿಸಿಕೊಂಡರು.

1973ರ ಫೆಬ್ರವರಿ 22ರಂದು, ತಮ್ಮ ಅರವತ್ತನೆಯ ವಯಸ್ಸಿನಲ್ಲಿ, ಅವರು ಅರ್ಬುದ ರೋಗದಿಂದ ತೀರಿಕೊಂಡರು. ಅವರ ಮಗ 1996ರಿಂದ 2006ರಲ್ಲಿ ತೀರಿಕೊಳ್ಳುವವರೆಗೂ ಅದೇ ರಾಜ್ಯದ ಉಪಗವರ್ನರಾಗಿದ್ದರು.

ಮೊದಲಿನ ಪ್ರಶ್ನೆಗೆ ಹಿಂದಿರುಗೋಣ. ಸಿರಿಯು ತಾನಾಗಿ ಯಾರನ್ನೂ ಒಳ್ಳೆಯ ಆಡಳಿತಗಾರರನ್ನಾಗಿ ಮಾಡುವುದಿಲ್ಲ. ಕಳೆದುಕೊಳ್ಳುವ ಭಯದಿಂದ ಬಿಡುಗಡೆ ಮಾಡುವುದಾದರೆ ಮಾತ್ರ ಅದರಿಂದ ಪ್ರಯೋಜನ. ಹಾಗೆ ಬಿಡುಗಡೆ ಹೊಂದಿದಾಗ ರಾಕ್‌ಫೆಲರ್ ದೊಡ್ಡವರಾದರು, ಮಾನಕ್ಕೆ ಅಂಜಿದಾಗ ಸಣ್ಣವರಾದರು. ಮನೆಯ ಮಗನಾಗಲಿ ಮಗಳಾಗಲಿ ಚುನಾವಣೆಗೆ ನಿಲ್ಲುವೆನೆಂದಾಗ, ಎಷ್ಟು ಹಣ ಬೇಕಾದೀತೆಂದು ಹಿರಿಯರು ಮೊದಲು ಕೇಳುತ್ತಾರೆ. ಸೋತ ಮರುದಿನ, ಅಧಿಕಾರವಿನ್ನೂ ಕೈಯಲ್ಲಿರುವಾಗ, ಏನು ಮಾಡುವೆ ಎಂಬುದನ್ನೂ ಜೊತೆಗೆ ಕೇಳಲಿ.