ರಕ್ತ ಕೊಟ್ಟ ಮೇಲೆ ಬಂದ ಫೋನು

ಎರಡು ವರ್ಷದ ಹಿಂದೆ ಕಾಕಾನ ಆಪರೇಷನ್‌ಗೆ ರಕ್ತ ಬೇಕಾಯ್ತು. ಫ್ಯಾಮಿಲಿ ಗ್ರೂಪಿಗೆ ಮೆಸೇಜ್ ಬಿದ್ದದ್ದೇ ತಡ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯಿಂದ ಊರಿಗೊಬ್ಬರಂತೆ ಐದು ಹುಡುಗರು ಕಲಬುರಗಿಗೆ ಬಂದಿಳಿದರು. ಆಪರೇಷನ್ ಚೆನ್ನಾಗಾಯ್ತು, ಎಲ್ಲರೂ ಮರೆತೆವು.

ಕೆಲವು ದಿನಕ್ಕೆ ವಾಡಿಯ ತಮ್ಮನಿಗೆ ಬ್ಲಡ್ ಬ್ಯಾಂಕಿನಿಂದ ಫೋನು: "ಒಮ್ಮೆ ಬಂದು ಹೋಗ್ರಿ." ಹೆಪಟೈಟಿಸ್ ಬಿ ಪಾಸಿಟಿವ್. ರಾತ್ರಿ ನನಗೆ ಕಾಲ್ ಮಾಡಿದ. "ಅಣ್ಣಾ, ನನಗ ಯಾವ ಚಟಾನೂ ಇಲ್ಲ. ನನಗ್ಯಾಕ ಬಂತು? ಮನ್ಯಾಗ ಹೇಳಬ್ಯಾಡ."

ಇಬ್ಬರೂ ಡಾಕ್ಟರ್ ಹತ್ತಿರ ಹೋದೆವು. ಮತ್ತೊಮ್ಮೆ ಟೆಸ್ಟ್ ಆಯ್ತು, ಖಚಿತವಾಯ್ತು. ಡಾಕ್ಟರ್ ಚಟದ ಬಗ್ಗೆ ಕೇಳಲಿಲ್ಲ. "ನೀ ಹುಟ್ಟಿದ್ದು ಯಾವ ಇಸ್ವಿ?" ಅಂದರು. 1996.

ಉತ್ತರ ಅಲ್ಲೇ ಇರಬಹುದಿತ್ತು. ಹೆಪಟೈಟಿಸ್ ಬಿ ಲಸಿಕೆ ಸರ್ಕಾರಿ ಕಾರ್ಯಕ್ರಮದಲ್ಲಿ ದೇಶದ ಎಲ್ಲ ಮಕ್ಕಳಿಗೂ ಸಿಗತೊಡಗಿದ್ದು 2011ರ ಹೊತ್ತಿಗೆ. ನಮ್ಮ ವಯಸ್ಸಿನ ಬಹಳ ಜನಕ್ಕೆ ಅದು ಸಿಕ್ಕೇ ಇಲ್ಲ. ದೊಡ್ಡವರಿಗೆ ಸೋಂಕು ತಗುಲಿದರೆ 100ರಲ್ಲಿ 95 ಜನಕ್ಕೆ ತಾನೇ ಹೋಗುತ್ತದೆ. ಹಸುಗೂಸಿಗೆ ತಗುಲಿದರೆ ಹೆಚ್ಚೂಕಡಿಮೆ ಯಾವಾಗಲೂ ಉಳಿದುಬಿಡುತ್ತದೆ. ತಾಯಿಯಿಂದ ಬಂದಿರಬಹುದು, ಸರಿಯಾಗಿ ಶುದ್ಧಮಾಡದ ಸೂಜಿಯಿಂದ, ಜಾತ್ರೆಯ ಹಚ್ಚೆಯಿಂದ, ಕ್ಷೌರದಂಗಡಿಯ ಬದಲಾಯಿಸದ ಬ್ಲೇಡಿನಿಂದಲೂ ಬಂದಿರಬಹುದು. ಒಂದೇ ತಟ್ಟೆಯಲ್ಲಿ ಉಂಡರೆ ಬರುವುದಿಲ್ಲ.

ಬ್ಲಡ್ ಬ್ಯಾಂಕಿನ ಪಟ್ಟಿಯಲ್ಲಿ ಗಂಡಸರ ಹೆಸರೇ ಹೆಚ್ಚು. ಅದಕ್ಕೆ ಒಂದು ಸರಳ ಕಾರಣ, ರಕ್ತ ಕೊಡುವವರಲ್ಲಿ ಗಂಡಸರೇ ಹೆಚ್ಚು. ಪದೇ ಪದೇ ಕೊಡುವವರಿಗೆ ಪ್ರತಿ ಸಲವೂ ಟೆಸ್ಟ್ ಆಗಿರುತ್ತದೆ. ನಮ್ಮ ತಮ್ಮನಂತೆ ಸಂಬಂಧಿಕರಿಗೆಂದು ಮೊದಲ ಸಲ ಬಂದವರಿಗೆ ಗೊತ್ತಾಗುವುದೇ ಅವತ್ತು. ಅದಕ್ಕೇ ಫಾರ್ಮ್ ತುಂಬುವಾಗ ಕಾಕಾ ಪಕ್ಕದಲ್ಲಿದ್ದಾರೆ ಅಂತ ಸುಳ್ಳು ಬರೆಯಬೇಡಿ. ಸೋಂಕು ತೀರಾ ಹೊಸದಿದ್ದರೆ ಟೆಸ್ಟಿಗೂ ಸಿಗದೆ ಹೋಗಬಹುದು.

ತಮ್ಮ ಕೊನೆಗೆ ಹೆಂಡತಿಗೆ ಹೇಳಿದ. ಹೇಳದಿದ್ದರೆ ಅವಳ ಟೆಸ್ಟ್ ಆಗುತ್ತಿರಲಿಲ್ಲ. ನೆಗೆಟಿವ್ ಬಂತು, ಮೂರು ಡೋಸ್ ಲಸಿಕೆ ಹಾಕಿಸಿದರು. ಮಗಳಿಗೆ ಹುಟ್ಟಿದಾಗಲೇ ಆಗಿತ್ತು. ಅವನಿಗೆ ಸದ್ಯ ಮಾತ್ರೆ ಬೇಕಿಲ್ಲ, ಆರು ತಿಂಗಳಿಗೊಮ್ಮೆ ಲಿವರ್ ಪರೀಕ್ಷೆ ಅಷ್ಟೇ. ಹೆಪಟೈಟಿಸ್ ಸಿ ಆಗಿದ್ದರೆ ಮೂರು ತಿಂಗಳ ಮಾತ್ರೆಯಲ್ಲಿ ಬಹುತೇಕರಿಗೆ ವಾಸಿಯೇ ಆಗುತ್ತದೆ. 2018ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಎರಡಕ್ಕೂ ಟೆಸ್ಟ್, ಔಷಧಿ ಉಚಿತ.

ಅವನು ಇನ್ನು ರಕ್ತ ಕೊಡುವಂತಿಲ್ಲ. ಅದೊಂದೇ ಅವನಿಗೆ ಬೇಜಾರು. ನಿಮಗೂ ಅಂಥ ಫೋನ್ ಬಂದರೆ ಕಟ್ ಮಾಡಬೇಡಿ. ಮೊದಲು ಡಾಕ್ಟರ್ ಹತ್ತಿರ ಹೋಗಿ, ಆಮೇಲೆ ಮನೆಯಲ್ಲಿ ಹೇಳಿ.